ಈಗ ನೀವು ಏನನ್ನು ಕೇಳುತ್ತಿರುವಿರಿ?



ಹಳೆಯ ವಿದ್ಯಾರ್ಥಿನಿಯರು ಒಂದೆಡೆ ಕೂಡಿದಾಗ ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ತೆರನಾದವು. ಈಗ ಎಲ್ಲಿ ವಾಸ, ಮಕ್ಕಳೆಷ್ಟು, ಆರೋಗ್ಯ ಹೇಗೆ ಎಂದು ವಿಚಾರಿಸಿ, ಉಪಾಧ್ಯಾಯಿನಿಯರನ್ನು ನೆನೆದು, ಚಹ ಕುಡಿದು ಬೀಳ್ಕೊಳ್ಳುವೆವು. ಕಳೆದ ಸಲ ಕೂಡಿದಾಗ ಮಾತ್ರ ಗೆಳತಿಯೊಬ್ಬಳು ಬೇರೊಂದು ಪ್ರಶ್ನೆಯನ್ನು ಹಾಕಿದಳು: “ಈಗ ನೀವೆಲ್ಲ ಯಾವ ಸಂಗೀತವನ್ನು ಕೇಳುತ್ತಿರುವಿರಿ?”

ಮೊದಲು ಎಲ್ಲರೂ ನಕ್ಕೆವು. ಅನಂತರ ಒಬ್ಬೊಬ್ಬರಾಗಿ ಉತ್ತರ ಕೊಡತೊಡಗಿದೆವು. ಒಬ್ಬಳು ಭೀಮಸೇನ ಜೋಶಿಯವರ ದಾಸವಾಣಿಯಿಲ್ಲದೆ ತನಗೆ ಬೆಳಗಾಗುವದಿಲ್ಲವೆಂದಳು. ನರ್ಸ್ ಕೆಲಸದಿಂದ ನಿವೃತ್ತಳಾದ ಇನ್ನೊಬ್ಬಳು, ರಾತ್ರಿಪಾಳಿಯ ದಿನಗಳಿಂದ ಹಿಡಿದು ಇಂದಿನವರೆಗೂ ಪಿ. ಬಿ. ಶ್ರೀನಿವಾಸರ ಚಿತ್ರಗೀತೆಗಳೇ ತನಗೆ ಜೊತೆಯೆಂದು ಸಂಕೋಚವಿಲ್ಲದೆ ಹೇಳಿದಳು. ಮತ್ತೊಬ್ಬಳ ಮಗನು ದೂರದೇಶದಲ್ಲಿರುವನು. ಅವನು ಕಳಿಸಿಕೊಟ್ಟ ಪಾಶ್ಚಾತ್ಯ ವಾದ್ಯಸಂಗೀತವು ಅರ್ಥವಾಗದಿದ್ದರೂ, ಅದನ್ನು ಕೇಳುವಾಗ ಅವನ ಕೋಣೆಯಲ್ಲಿಯೇ ಕುಳಿತಂತಾಗುವದೆಂದು ಆಕೆ ಹೇಳಿದಳು. ಹೀಗೆ ಒಂದು ತಾಸು ಕಳೆಯಿತು. ನಲವತ್ತು ವರುಷಗಳ ಕುಶಲಪ್ರಶ್ನೆಗಳಿಂದ ತಿಳಿಯದಿದ್ದದ್ದು ಆ ಒಂದು ತಾಸಿನಲ್ಲಿ ನಮಗೆ ತಿಳಿಯಿತು.

ಒಬ್ಬ ಗೆಳತಿ ಮಾತ್ರ, ತನ್ನ ಸರದಿ ಬಂದಾಗ, “ನಾನು ವಿಶೇಷವಾಗಿ ಏನನ್ನೂ ಕೇಳುವದಿಲ್ಲ” ಎಂದು ಮುಗುಳ್ನಕ್ಕು ಸುಮ್ಮನಾದಳು. ಅವಳ ವಿಷಯವನ್ನು ಮುಂದೆ ಹೇಳುವೆನು.

ಸಂಗೀತವನ್ನು ಕೇಳುವದು ಪ್ರತಿಯೊಬ್ಬರ ಸ್ವಂತ ವಿಚಾರವೆಂದೂ, ಅದನ್ನು ಇತರರಿಗೆ ಹೇಳುವ ಅಗತ್ಯವಿಲ್ಲವೆಂದೂ ಈಗ ಅನೇಕರು ತಿಳಿಯುತ್ತಾರೆ. ಆದರೆ ಧ್ವನಿಮುದ್ರಿಕೆಯ ಇತಿಹಾಸವು ಹಾಗೆ ಹೇಳುವದಿಲ್ಲ. ನಮ್ಮ ದೇಶದ ಮೊದಲ ಪ್ರಸಿದ್ಧ ಧ್ವನಿತಟ್ಟೆಗಳನ್ನು 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯು ಹಾಡಿಕೊಟ್ಟಳು. ಒಂದು ತಟ್ಟೆಯಲ್ಲಿ ಸುಮಾರು ಮೂರು ನಿಮಿಷಗಳ ಹಾಡು ಮಾತ್ರ ಹಿಡಿಯುತ್ತಿತ್ತು. ಆ ಮೂರು ನಿಮಿಷಗಳಲ್ಲಿಯೇ ಆಕೆ ಒಂದು ರಾಗದ ಸಾರವನ್ನು ತುಂಬಿ, ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಕಡೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯವನ್ನು ಪಡೆದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಆಕೆಯಂತಹ ಗಾಯಕಿಯರನ್ನು ಅನೇಕ ಗೃಹಸ್ಥರು ತಮ್ಮ ಹೊಸ್ತಿಲೊಳಗೆ ಕರೆಯುತ್ತಿರಲಿಲ್ಲ. ಆದರೆ ಆಕೆಯ ಹಾಡು ತಟ್ಟೆಯ ಮೇಲೆ ಕುಳಿತು ಆ ಹೊಸ್ತಿಲನ್ನು ದಾಟಿತು. ಒಂದು ಗ್ರಾಮೋಫೋನಿನ ಸುತ್ತಲೂ ಮನೆಮಂದಿಯೂ ನೆರೆಯವರೂ ಕೂಡುತ್ತಿದ್ದರು.

ಗಂಗೂಬಾಯಿ ಹಾನಗಲ್ಲರು ಬಾಲ್ಯದಲ್ಲಿ ಬೀದಿಯಿಂದ ಕೇಳಿಬರುವ ಗ್ರಾಮೋಫೋನಿನ ಹಾಡಿಗೆ ಓಡಿಹೋಗಿ ಕಿವಿಗೊಟ್ಟು, ಅದನ್ನು ಅನುಕರಿಸಿ ಹಾಡುತ್ತಿದ್ದರಂತೆ. ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಒಂದು ಧ್ವನಿಮುದ್ರಿಕೆಯನ್ನು ಕೇಳಿ ಮನಸೋತು, 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆಬಿಟ್ಟು ಹೋದರು. ಕಡೆಗೆ ಇವರಿಬ್ಬರೂ ಅದೇ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ ಕಲಿತರು. ಅಂದು ಆ ತಟ್ಟೆಗಳನ್ನು ತಮ್ಮ ಮನೆಯಲ್ಲಿಯೋ ಅಂಗಡಿಯಲ್ಲಿಯೋ ತಿರುಗಿಸಿದವರ ಹೆಸರುಗಳು ನಮಗೆ ಗೊತ್ತಿಲ್ಲ. ಅವರು ಬಾಗಿಲು ಮುಚ್ಚಿಕೊಂಡು ತಾವಷ್ಟೇ ಕೇಳಿದ್ದರೆ ಏನಾಗುತ್ತಿತ್ತೆಂದು ಯೋಚಿಸಿರಿ.

ಇನ್ನು ಆ ಗೆಳತಿಯ ವಿಷಯ. 1979ರಲ್ಲಿ ನಾವು ವಸತಿಗೃಹದಲ್ಲಿದ್ದಾಗ ಶನಿವಾರದ ಸಾಯಂಕಾಲ ಟೇಪ್‌ರೆಕಾರ್ಡರನ್ನು ನಮ್ಮ ವಶಕ್ಕೆ ಕೊಡುತ್ತಿದ್ದರು. ಅದಕ್ಕೆ ಹಿಂದಿನ ವರುಷವಷ್ಟೇ ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ದ ಧ್ವನಿಸುರುಳಿಯು ಹೊರಬಂದಿತ್ತು. ನಾನು ಅದನ್ನು ಊರಿನಿಂದ ತಂದು, ಬಹಳ ಹೆಮ್ಮೆಯಿಂದ ಎಲ್ಲರಿಗೂ ಕೇಳಿಸಿದೆನು. ಮುಂದಿನ ಶನಿವಾರ ಹಳ್ಳಿಯಿಂದ ಬಂದಿದ್ದ ಈ ಗೆಳತಿಯು ತನ್ನ ಪೆಟ್ಟಿಗೆಯಿಂದ ಒಂದು ಸುರುಳಿಯನ್ನು ತೆಗೆದಳು. ಅದರಲ್ಲಿ ಯಾವ ಪ್ರಸಿದ್ಧ ಗಾಯಕರೂ ಇರಲಿಲ್ಲ. ಆಕೆಯ ಅಕ್ಕನ ಮದುವೆಯಲ್ಲಿ ಅಜ್ಜಿಯೂ ಸೋದರತ್ತೆಯರೂ ಬೀಸುಕಲ್ಲಿನ ಬಳಿ ಕುಳಿತು ಹಾಡಿದ ಹಾಡುಗಳಿದ್ದವು. ಅಜ್ಜಿಯ ಧ್ವನಿಯು ಒಡೆದಿತ್ತು. ನಡುವೆ ಕೋಳಿಯೊಂದು ಕೂಗಿತು. ಮೊದಲು ನಕ್ಕವಳು ನಾನು. ನನ್ನ ನಗೆಯನ್ನು ಕೇಳಿ ಉಳಿದವರೂ ನಕ್ಕರು. ಆಕೆ ಏನೂ ಹೇಳದೆ ಸುರುಳಿಯನ್ನು ಹೊರತೆಗೆದು ಪೆಟ್ಟಿಗೆಯಲ್ಲಿಟ್ಟಳು. ಮತ್ತೆಂದೂ ಶನಿವಾರ ತನ್ನ ಸರದಿಯನ್ನು ಕೇಳಲಿಲ್ಲ.

ಮೊನ್ನೆ ಎಲ್ಲರೂ ಎದ್ದುಹೋದ ಮೇಲೆ ನಾನು ಆಕೆಯ ಹತ್ತಿರ ಹೋಗಿ, ಆ ಸುರುಳಿ ಇನ್ನೂ ಇದೆಯೇ ಎಂದು ಕೇಳಿದೆನು. “ಆ ರಜೆಯಲ್ಲಿಯೇ ತಮ್ಮಂದಿರು ಅದರ ಮೇಲೆ ಸಿನಿಮಾ ಹಾಡು ತುಂಬಿಕೊಂಡರು, ನಾನೂ ಬೇಡವೆನ್ನಲಿಲ್ಲ” ಎಂದಳು. ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತು. ಆಕೆ ನನ್ನನ್ನು ದೂರಲಿಲ್ಲ. ಆದರೆ “ಬೇಡವೆನ್ನಲಿಲ್ಲ” ಎಂಬ ಆ ಮಾತಿನಲ್ಲಿ ನನ್ನ ಪಾಲು ಎಷ್ಟೆಂಬದು ನನಗೆ ಗೊತ್ತಿರುವದು.

ಆದುದರಿಂದ ನನ್ನ ಅಭಿಪ್ರಾಯವಿದು: ಒಬ್ಬರು ತಾವು ಮೆಚ್ಚಿ ಕೇಳುವ ಸಂಗೀತವನ್ನು ನಮ್ಮ ಮುಂದಿಡುವದು ಒಂದು ವಿಶ್ವಾಸದ ಕಾರ್ಯ. ಅದನ್ನು ಕೇಳುವ ಮೊದಲೇ ನಗುವದು, ಮನೆಗೆ ಬಂದವರನ್ನು ಬಾಗಿಲಲ್ಲಿಯೇ ಹಿಂದಿರುಗಿಸಿದಂತೆ.

ಇಲ್ಲಿ ತಾಯಿತಂದೆಗಳು ಒಂದು ಆಕ್ಷೇಪವನ್ನು ಎತ್ತಬಹುದು. “ಇಂದಿನ ಮಕ್ಕಳು ಕೇಳುವದೆಲ್ಲ ಸಂಗೀತವೇ? ಅಬ್ಬರವೂ ಅಶ್ಲೀಲವೂ ಆದದ್ದನ್ನು ನಾವು ಕುಳಿತು ಮೆಚ್ಚಬೇಕೇ?” ಮೆಚ್ಚಬೇಕೆಂದು ನಾನು ಹೇಳುತ್ತಿಲ್ಲ. ಪೂರ್ತಿಯಾಗಿ ಕೇಳಿದವರಿಗೆ ಅಲ್ಲಗಳೆಯುವ ಅಧಿಕಾರವುಂಟು. ಕೇಳದೆ ಹಳಿಯುವವರ ಮಾತಿಗೆ ಮಕ್ಕಳು ಬೆಲೆ ಕೊಡುವದಿಲ್ಲ. ಹಾಸ್ಯ ಮಾಡಿದರೆ ಅವರ ರುಚಿಯು ತಿದ್ದುವದಿಲ್ಲ. ಅದನ್ನು ಮುಚ್ಚಿಡುವದನ್ನು ಮಾತ್ರ ಅವರು ಕಲಿಯುವರು. ಇಯರ್‌ಫೋನನ್ನು ಧರಿಸಿದ ಮಗುವಿಗೆ ಮುಚ್ಚಿಡುವದು ಬಹು ಸುಲಭ.

ಇನ್ನೊಂದು ಆಕ್ಷೇಪವು ಮಕ್ಕಳದು. “ನಮಗೆ ಯಾವದು ಹಿಡಿಸುವದೆಂಬದನ್ನು ಯಂತ್ರವೇ ಲೆಕ್ಕಹಾಕಿ ಮುಂದಿನ ಹಾಡನ್ನು ತಂದುಕೊಡುವಾಗ ಮನುಷ್ಯರನ್ನು ಕೇಳುವದೇಕೆ?” ಎಂದು ನನ್ನ ಮಗಳೇ ನನ್ನನ್ನು ಕೇಳಿದಳು. ನೀನು ಏನನ್ನು ಎಷ್ಟು ಸಲ ಕೇಳಿದೆಯೆಂದು ಯಂತ್ರಕ್ಕೆ ಗೊತ್ತು, ಏಕೆ ಕೇಳಿದೆಯೆಂದು ಗೊತ್ತಿಲ್ಲ ಎಂದು ಉತ್ತರ ಕೊಟ್ಟೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವಳು ತನ್ನ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು.

ಅದು ಪಾಬ್ಲೋ ಕಸಾಲ್ಸ್ ಎಂಬ ಮಹನೀಯರು ಚೆಲ್ಲೋ ವಾದ್ಯದಲ್ಲಿ ನುಡಿಸಿದ ಬಾಖ್‌ನ ಆರು ರಚನಾಮಾಲೆಗಳ ಧ್ವನಿಮುದ್ರಿಕೆ. ಕಸಾಲ್ಸರು ಬಾಲಕರಾಗಿದ್ದಾಗ ಬಾರ್ಸಿಲೋನಾ ನಗರದ ಒಂದು ಅಂಗಡಿಯಲ್ಲಿ ಇವುಗಳ ಹಳೆಯ ಪುಸ್ತಕವು ಅವರ ಕೈಗೆ ಸಿಕ್ಕಿತಂತೆ. ಇವು ಕೇವಲ ಕೈಪಳಗಿಸುವ ಅಭ್ಯಾಸಪಾಠಗಳೆಂದು ಆಗ ಅನೇಕರು ಎಣಿಸುತ್ತಿದ್ದರು. ಅವರು ಅನೇಕ ವರುಷ ಸಾಧನೆ ಮಾಡಿ, 1936ರಿಂದ 1939ರ ವರೆಗೆ ಆರನ್ನೂ ಮುದ್ರಿಸಿದರು. ಇತರರು ಹಗುರವಾಗಿ ಕಂಡದ್ದನ್ನು ಒಬ್ಬರು ಗೌರವದಿಂದ ಕೇಳಿದ್ದರ ಫಲವದು. ಅದನ್ನು ಕೇಳುವಾಗ ನನ್ನ ಮನಸ್ಸು ಬೀಸುಕಲ್ಲಿನ ಹಾಡಿನ ಕಡೆಗೆ ಹೋಗದಿರಲಿಲ್ಲ. ಪರೀಕ್ಷೆಯಲ್ಲಿ ನಪಾಸಾದ ವರುಷ ತಾನು ರಾತ್ರಿಯೆಲ್ಲ ಇದನ್ನೇ ಕೇಳುತ್ತಿದ್ದೆನೆಂದು ಮಗಳು ಹೇಳಿದಳು. ಆ ವರುಷ ಅವಳು ನಿಶ್ಚಿಂತೆಯಿಂದ ಮಲಗುತ್ತಿರುವಳೆಂದು ನಾನು ತಿಳಿದಿದ್ದೆನು. ಈಗ ನಾನು ಕೇಳುತ್ತಿರುವದು ಅದನ್ನೇ.

ಹೀಗಿರಲು ನನ್ನದೊಂದು ಬಿನ್ನಹ. ವಾರಕ್ಕೊಮ್ಮೆ ಅರ್ಧ ತಾಸು ಮನೆಯವರೆಲ್ಲರೂ ಒಟ್ಟಿಗೆ ಕುಳಿತು, ಸರದಿಯ ಮೇಲೆ ಒಬ್ಬರು ಆರಿಸಿದ ಸಂಗೀತವನ್ನು ಕೇಳಲಿ. ಮೂರು ನಿಯಮಗಳು ಸಾಕು. ಆರಿಸಿದವರು ಇತರರು ಮೆಚ್ಚುವದನ್ನಲ್ಲ, ತಾವು ನಿಜವಾಗಿ ಕೇಳುವದನ್ನೇ ತರತಕ್ಕದ್ದು. ಉಳಿದವರು ಕೊನೆಯವರೆಗೆ ಕೇಳತಕ್ಕದ್ದು. ಮುಗಿದ ಮೇಲೆ, ಅದು ಏಕೆ ಹಿಡಿಸಿತೆಂದು ಮೊದಲು ವಿಚಾರಿಸಿ, ಆಮೇಲೆ ತಮ್ಮ ಅಭಿಪ್ರಾಯವನ್ನು ಹೇಳತಕ್ಕದ್ದು. ಹಳೆಯ ವಿದ್ಯಾರ್ಥಿನಿಯರ ಮುಂದಿನ ಕೂಟದಲ್ಲಿಯೂ ಇದಕ್ಕೆ ಒಂದು ತಾಸನ್ನು ಮೀಸಲಿಡಬೇಕೆಂದು ಕೋರುವೆನು.

ಆ ಗೆಳತಿಗೆ ನಾನು ಪತ್ರವನ್ನು ಬರೆದಿರುವೆನು. ಅಜ್ಜಿಯ ಹಾಡುಗಳಲ್ಲಿ ನೆನಪಿರುವಷ್ಟನ್ನು ನೀನೇ ಹಾಡಿ, ಮುದ್ರಿಸಿ ಕಳಿಸಿಕೊಡು ಎಂದು ಕೇಳಿಕೊಂಡಿರುವೆನು. ಉತ್ತರವು ಇನ್ನೂ ಬಂದಿಲ್ಲ. ಬಂದರೆ ಮುಂದಿನ ಕೂಟದಲ್ಲಿ, ಆಕೆಯ ಅನುಮತಿಯಿದ್ದಲ್ಲಿ, ಎಲ್ಲರೂ ಕುಳಿತು ಕೇಳೋಣ. ನಡುವೆ ಕೋಳಿ ಕೂಗಿದರೂ ಕೂಗಲಿ.