ಕೋಲಾರ ಸೀಮೆಯ ಕುರಿಗೆ ತಕ್ಕಡಿ ಬೇಡವೇ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ರೈತನು ಮಾರುವ ವಸ್ತುಗಳಲ್ಲಿ ತೂಕವಾಗದೆಯೇ ಪರರ ಕೈಸೇರುವುದು ಯಾವುದೆಂದು ಕೇಳಿದರೆ ಮೊದಲು ಹೇಳತಕ್ಕದ್ದು ಅವನ ಕುರಿಮೇಕೆಗಳನ್ನೇ. ಹಾಲನ್ನು ದಿನಕ್ಕೆ ಎರಡಾವರ್ತಿ ಗ್ರಾಮದ ಸಂಘದಲ್ಲಿ ಅಳೆದು, ಕೊಬ್ಬಿನ ಅಂಶವನ್ನು ಪರೀಕ್ಷಿಸಿ ಬೆಲೆ ಕಟ್ಟುತ್ತಾರೆ. ಟೊಮೇಟೊ ಹಣ್ಣು ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಪೆಟ್ಟಿಗೆಯ ಲೆಕ್ಕದಲ್ಲಿ ಹರಾಜಾಗುತ್ತದೆ. ರೇಷ್ಮೆಗೂಡಿನ ವ್ಯಾಪಾರಕ್ಕೆ 1959ರಷ್ಟು ಹಿಂದೆಯೇ ಪ್ರತ್ಯೇಕ ಶಾಸನವಾಗಿ, ಸರಕಾರದ ಮಾರುಕಟ್ಟೆಯಲ್ಲಿ ತೂಗಿ ಕೊಳ್ಳುವ ಏರ್ಪಾಡು ನೆಲೆಗೊಂಡಿದೆ. ಆದರೆ ವರ್ಷವೆಲ್ಲ ಬಿಸಿಲಿನಲ್ಲಿ ಅಲೆದು ಸಾಕಿದ ಟಗರು ಸಂತೆಗೆ ಬಂದ ದಿನ ಅದರ ತೂಕವನ್ನು ನಿರ್ಣಯಿಸುವುದು ಬಹುಮಟ್ಟಿಗೆ ಕೊಳ್ಳುವವನ ಅಂಗೈ. ಬೆನ್ನು ಸವರಿ, ಸೊಂಟ ಒತ್ತಿ ನೋಡಿ, ಇಷ್ಟು ಮಾಂಸ ಬಂದೀತೆಂದು ಅವನು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಾನೆ. ಮಾರುವವನದು ತಲೆಯ ಲೆಕ್ಕ. ಕೊಳ್ಳುವವನದು ಕಿಲೋ ಲೆಕ್ಕ. ಇಬ್ಬರ ನಡುವೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ತಿಳಿಸುವ ದಲ್ಲಾಳಿ.

ಇದರಿಂದಾಗುವ ನಷ್ಟವೆಷ್ಟೆಂಬುದನ್ನು ವಾಚಕರು ತಾವೇ ಗುಣಿಸಿ ನೋಡಬಹುದು. ಜೀವಂತ ಕುರಿಯ ತೂಕದಲ್ಲಿ ಸುಮಾರು ಅರ್ಧದಷ್ಟು ಮಾಂಸ ದೊರೆಯುತ್ತದೆ. 30 ಕಿಲೋ ತೂಗುವ ಟಗರನ್ನು 26 ಕಿಲೋ ಎಂದು ಅಂದಾಜು ಮಾಡಿದರೆ ಹತ್ತಿರ ಹತ್ತಿರ 2 ಕಿಲೋ ಮಾಂಸದ ಬೆಲೆ ಕುರಿಗಾಹಿಗೆ ತಪ್ಪಿತು. ವರ್ಷಕ್ಕೆ 20 ತಲೆ ಮಾರುವ ಮನೆಗೆ ಇದು 40 ಕಿಲೋ ಆಯಿತು. ಸಂತೆಯಲ್ಲಿ ಇಂಥ ತಪ್ಪು ಅಂದಾಜು ಮಾರುವವನ ಕಡೆಗೆ ವಾಲುವುದು ಅಪರೂಪವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇದಕ್ಕಿಂತಲೂ ದೊಡ್ಡ ಹಾನಿ ಮಂದೆಯಲ್ಲಿ ಆಗುತ್ತಿದೆ. ತೂಕಕ್ಕೆ ಬೆಲೆಯಿಲ್ಲದಲ್ಲಿ ತೂಕ ಹೆಚ್ಚಿಸುವ ಶ್ರಮಕ್ಕೆ ಯಾರು ಕೈಹಾಕುವರು? ಮಳೆಗೆ ಮುಂಚೆ ಕರುಳುಬೇನೆಯ ಲಸಿಕೆ ಹಾಕಿಸುವುದು, ಜಂತಿನ ಔಷಧ ಕುಡಿಸುವುದು, ಒಂದೇ ಟಗರನ್ನು ವರ್ಷಾನುಗಟ್ಟಲೆ ಇಟ್ಟುಕೊಳ್ಳದೆ ಬೇರೆ ಮಂದೆಯಿಂದ ಬದಲಾಯಿಸುವುದು, ಮರಿಗಳಿಗೆ ಮೂರು ತಿಂಗಳು ರೊಪ್ಪದಲ್ಲೇ ಹಿಂಡಿ ತಿನ್ನಿಸುವುದು, ಇವೆಲ್ಲ ಪಶುವೈದ್ಯರು ಹೇಳುತ್ತಲೇ ಬಂದಿರುವ ಮಾತುಗಳು. ಕುರಿಗಾಹಿಯು ಕೇಳದಿರುವುದು ಅಜ್ಞಾನದಿಂದಲ್ಲ. ಖರ್ಚು ತನ್ನದು, ಲಾಭ ದಲ್ಲಾಳಿಯದು ಎಂಬುದನ್ನು ಚೆನ್ನಾಗಿ ಬಲ್ಲವನಾದುದರಿಂದಲೇ.

ಇದೇ ಸೀಮೆಯಲ್ಲಿ ಹಸುವಿನ ಕಥೆ ಬೇರೆಯಾಗಿ ನಡೆದಿದೆ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಯೋಜನೆಯು ಹೊರಟು, 1984ರಲ್ಲಿ ಹಾಲು ಮಹಾಮಂಡಲವು ರೂಪುಗೊಂಡು, ಹೊಳೆಯಿಲ್ಲದ ಕೋಲಾರವು ಹಾಲಿನ ಜಿಲ್ಲೆಯೆನಿಸಿತು. ರೈತನು ಒಳ್ಳೆಯ ತಳಿ ತಂದದ್ದು, ಮೇವು ಬೆಳೆದದ್ದು ಬೆಳಗಿನ ಹಾಲಿಗೆ ಅಳತೆಯೂ ನಿಶ್ಚಿತ ಬೆಲೆಯೂ ದೊರೆತ ಮೇಲೆ. ಸರಕಾರದವರು 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿದ ಪ್ರೋತ್ಸಾಹಧನವು ಮುಂದೆ 5 ರೂಪಾಯಿಗೆ ಏರಿತು. ಕುರಿಯ ವಿಷಯದಲ್ಲಿಯೂ ಔದಾರ್ಯಕ್ಕೆ ಕೊರತೆಯಿಲ್ಲ: 2022ರಲ್ಲಿ 20 ಕುರಿ, ಒಂದು ಟಗರು ಕೊಡಿಸುವ ಯೋಜನೆಯು ಘೋಷಿತವಾಯಿತು, ಸತ್ತ ಕುರಿಗೆ ಪರಿಹಾರ ಕೊಡುವ ಅನುಗ್ರಹ ಯೋಜನೆಯೂ ಉಂಟು. ಸತ್ತ ಕುರಿಗೆ ನಿಗದಿಯಾದ ಬೆಲೆಯಿದೆ, ಬದುಕಿರುವ ಕುರಿಗೆ ಇಲ್ಲ!

ಮೇವಿನ ಮಾತನ್ನೂ ಆಡದೆ ವಿಧಿಯಿಲ್ಲ. 100 ಜಾನುವಾರುಗಳಿಗೆ 12 ಹೆಕ್ಟೇರಿನಂತೆ ಗೋಮಾಳ ಬಿಡಬೇಕೆಂಬ ಭೂಕಂದಾಯ ನಿಯಮವು ಕಡತದಲ್ಲಿದೆ. ಗೋಮಾಳವು ಮಾತ್ರ ಹಲವೆಡೆ ಸಾಗುವಳಿಗೂ ನಿವೇಶನಕ್ಕೂ ಹೋಗಿದೆ. 1980ರ ಸುಮಾರಿನಲ್ಲಿ ರಾಗಿಯ ಹೊಲಗಳಿಗೆ ನೀಲಗಿರಿ ಹೊಕ್ಕು ರಾಗಿಯ ಹುಲ್ಲಿಗೂ ಸಂಚಕಾರ ಬಂತು. 2017ರಲ್ಲಿ ಹೊಸ ನೀಲಗಿರಿಯನ್ನು ಸರಕಾರವು ನಿಷೇಧಿಸಿದೆ. ಬೇರು ಕಿತ್ತು ತೆರವಾಗುವ ಸರಕಾರಿ ನೆಲದಲ್ಲಿ ಒಂದು ಪಾಲಾದರೂ ಹುಲ್ಲಿಗೂ ಮೇವಿನ ಮರಕ್ಕೂ ಮೀಸಲಾಗಲಿ.

ತಕ್ಕಡಿಗೆ ಆಕ್ಷೇಪಣೆಗಳಿವೆ. ಉಪ್ಪು ತಿನ್ನಿಸಿ, ನೀರು ಕುಡಿಸಿ ತೂಕ ಏರಿಸುವರೆಂದು ವರ್ತಕರು ಹೇಳುತ್ತಾರೆ. ಹಾಲಿಗೆ ನೀರು ಬೆರೆಸುವವರಿದ್ದಾರೆಂದು ಹಾಲಿನ ಸಂಘವೇ ಬೇಡವೆಂದವರುಂಟೇ? ತೂಗುವ ಮುನ್ನ ಕೆಲವು ಗಂಟೆ ಮಂದೆಯನ್ನು ದೊಡ್ಡಿಯಲ್ಲಿ ಕೂಡಿಹಾಕಿದರೆ ಸಾಕು. ನಿಜವಾದ ತೊಡಕು ಬೇರೆಯಿದೆ. ಮಕ್ಕಳ ಶಾಲೆಯ ಖರ್ಚಿಗೆ, ಮುಂಗಾರಿನ ಬಿತ್ತನೆಗೆ ದಲ್ಲಾಳಿಯಿಂದ ಮುಂಗಡ ಪಡೆದವನು ಅವನು ಹೇಳಿದ ದಿನ, ಹೇಳಿದ ಬೆಲೆಗೆ ಮಾರಬೇಕಾಗುತ್ತದೆ. ಯುಗಾದಿಯ ಹೊಸತೊಡಕಿಗೋ ಬಕ್ರೀದಿಗೋ ಬೆಲೆ ಏರುವವರೆಗೆ ಕಾಯುವ ಶಕ್ತಿ ಅವನಿಗಿಲ್ಲ. ಆದುದರಿಂದ ಕುರಿ ಸಾಕಣೆದಾರರ ಸಹಕಾರ ಸಂಘಗಳು ಮರಿಯನ್ನೇ ಆಧಾರವಾಗಿಟ್ಟುಕೊಂಡು ಆರು ತಿಂಗಳ ಸಾಲ ಕೊಡದಿದ್ದರೆ ತಕ್ಕಡಿಯೊಂದರಿಂದ ಹೆಚ್ಚು ಪ್ರಯೋಜನವಾಗಲಾರದು.

1966ರ ಮಾರುಕಟ್ಟೆ ಶಾಸನವು ಧಾನ್ಯಕ್ಕೆ ಹೇಗೋ ಜಾನುವಾರಿಗೂ ಹಾಗೆಯೇ ಅನ್ವಯಿಸುವಂಥದು. ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ. ನಾಲ್ಕೂ ತಾಲ್ಲೂಕುಗಳ ಮಾರುಕಟ್ಟೆ ಸಮಿತಿಯವರು ಕುರಿಸಂತೆಯಲ್ಲಿ ಬೇಲಿಯ ದೊಡ್ಡಿಯೊಂದನ್ನು, ಒಂದು ನೆಲತಕ್ಕಡಿಯನ್ನು, ನೆರಳನ್ನು, ನೀರಿನ ತೊಟ್ಟಿಯನ್ನು ಒದಗಿಸಲಿ. ಆ ದಿನದ ಬೆಂಗಳೂರಿನ ಮಾಂಸದ ಧಾರಣೆಯನ್ನು ಕನ್ನಡದಲ್ಲಿಯೂ, ಗಡಿಯ ಮುಳಬಾಗಿಲು ಶ್ರೀನಿವಾಸಪುರಗಳಲ್ಲಿ ತೆಲುಗಿನಲ್ಲಿಯೂ ಹಲಗೆಯ ಮೇಲೆ ಬರೆಸಲಿ. ಇದಕ್ಕೆ ತಗಲುವ ಹಣ ದೊಡ್ಡದಲ್ಲ. ಮುಂದಿನ ಹೊಸತೊಡಕಿನ ಸಂತೆಯೊಳಗೆ ಇಷ್ಟನ್ನು ನೆರವೇರಿಸಲು ಜಿಲ್ಲೆಯ ಅಧಿಕಾರಿವರ್ಗದವರಿಗೆ ಸಾಕಷ್ಟು ಕಾಲಾವಕಾಶವಿದೆ.