ಕಡಲಬಂಡೆಯ ಗೂಡುಗಳು

ಚೆನ್ನೈಯ ಬೆಸೆಂಟ್ ನಗರ, ನೀಲಾಂಗರೈ ಕಡಲತಡಿಯಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಇರುಳಿಡೀ ವಿದ್ಯಾರ್ಥಿಗಳು ಮರಳ ಮೇಲೆ ನಡೆಯುತ್ತಾರೆ. ಕಡಲಾಮೆ ಇಟ್ಟ ಮೊಟ್ಟೆಗಳನ್ನು ಗುರುತಿಸಿ, ಕಾವಲಿರುವ ಜಾಗಕ್ಕೆ ಒಯ್ದು, ಮರಿಗಳನ್ನು ಕಡಲಿಗೆ ಬಿಡುವ ಈ ಕೈಂಕರ್ಯ 1988ರಿಂದ ನಡೆದುಬಂದಿದೆ. ನಗರವೊಂದು ತನ್ನ ಕಡಲಿಗೆ ಸಲ್ಲಿಸುತ್ತಿರುವ ಈ ಋಣ ಪ್ರಶಂಸನೀಯ. ಆದರೆ ಕನ್ನಡನಾಡಿನ ಪಡುಗಡಲಿನ ಬಂಡೆಗಳಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಬೇಕಾದ ರಕ್ಷಣೆ ಬೇರೊಂದು ಬಗೆಯದು. ಮರಳಿನ ದಂಡೆಯಲ್ಲಿ ಕಾಯುವುದೆಂದರೆ ಹೋಗುವುದು. ಬಂಡೆಯ ದ್ವೀಪದಲ್ಲಿ ಕಾಯುವುದೆಂದರೆ ಹೋಗದಿರುವುದು.

ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ಇದಕ್ಕೆ ನಿದರ್ಶನ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರುವವರೆಗೂ ಈ ಕರಾವಳಿ ಮದರಾಸಿನ ಆಡಳಿತದಲ್ಲಿತ್ತು. ಮದರಾಸು ಸೇನೆಯ ವೈದ್ಯನಾಗಿದ್ದ ಟಿ. ಸಿ. ಜೆರ್ಡನ್, ಭಾರತದ ಪಕ್ಷಿಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿ ಗೂಡು ಕಟ್ಟುವ ತಾಣಗಳಲ್ಲಿ ಈ ದ್ವೀಪವನ್ನೂ ಮಹಾರಾಷ್ಟ್ರ ತೀರದ ವೆಂಗುರ್ಲಾ ಬಂಡೆಗಳನ್ನೂ ಹೆಸರಿಸಿದ್ದಾನೆ. ತನ್ನ ಜೊಲ್ಲಿನಿಂದಲೇ ಗವಿಯ ಗೋಡೆಗೆ ಗೂಡು ಅಂಟಿಸುವ ಹಕ್ಕಿಯಿದು. ಆ ಗೂಡಿನ ಸಾರಿಗೆ ಪೂರ್ವ ಏಷ್ಯದಲ್ಲಿ ದೊರೆಯುವ ಬೆಲೆಯೇ ಅದಕ್ಕೆ ಮುಳುವು. ವೆಂಗುರ್ಲಾ ಬಂಡೆಗಳಲ್ಲಿ ರೀವ ಹಕ್ಕಿಗಳು ಬರಿನೆಲದಲ್ಲೇ ಮೊಟ್ಟೆಯಿಡುತ್ತವೆ. ನೇತ್ರಾಣಿಯ ಮರಗಳಲ್ಲಿ ಬಿಳಿಹೊಟ್ಟೆಯ ಕಡಲಹದ್ದು ಗೂಡು ಹೂಡುತ್ತದೆ.

ಮನುಷ್ಯನ ಕಣ್ಣಿಗೆ ಈ ದ್ವೀಪ ಕಂಡ ಬಗೆಯೇ ಬೇರೆ. ನೌಕಾಪಡೆಗೆ ಇದು ಗುರಿಯಭ್ಯಾಸದ ಬಂಡೆಯಾಗಿತ್ತು. ಪ್ರವಾಸಿಗರಿಗೆ ಮುಳುಗುಕ್ರೀಡೆಯ ನೆಲೆಯಾಯಿತು. ಹರಕೆಯೊಪ್ಪಿಸಿ ಬಿಟ್ಟ ಆಡುಗಳಿಗೆ ಮೇವಿನ ತಾಣವಾಯಿತು. ಕಾವು ಕೂತ ಹಕ್ಕಿ ಬೆದರಿ ಎದ್ದರೆ ಸಾಕು, ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಕಾಗೆಯ ಪಾಲಾಗುತ್ತದೆ. ಹಾನಿಮಾಡಲು ಕಲ್ಲೆಸೆಯಬೇಕಾಗಿಲ್ಲ, ಹತ್ತಿರ ಸುಳಿದರೂ ಸಾಕು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಕ್ಕಿಯ ಗೂಡನ್ನು ಕದಡುವುದನ್ನೂ ಬೇಟೆಯೆಂದೇ ಎಣಿಸುತ್ತದೆ. ಆದರೆ ನಡುಗಡಲಿನ ಬಂಡೆಯ ಮೇಲೆ ಕಾಯಿದೆಗೆ ಸಾಕ್ಷಿ ಹೇಳುವವರಾರು? ಆದುದರಿಂದ ಅಪರಾಧ ನಡೆದ ಮೇಲೆ ಶಿಕ್ಷಿಸುವುದಕ್ಕಿಂತ ಕಾಲನಿಯಮವನ್ನು ಮೊದಲೇ ವಿಧಿಸುವುದು ಲೇಸು. ಈ ತತ್ತ್ವ ಕರಾವಳಿಗೆ ಹೊಸದೇನೂ ಅಲ್ಲ. ಮೀನಿನ ಸಂತಾನವೃದ್ಧಿಗಾಗಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ದಡ ಸೇರುತ್ತವೆ. ಜೀವನೋಪಾಯವನ್ನೇ ತಡೆಹಿಡಿದು ಬೆಸ್ತರು ಪಾಲಿಸುವ ಈ ಸಂಯಮವನ್ನು ವಿನೋದಕ್ಕಾಗಿ ಬರುವವರಿಂದ ಅಪೇಕ್ಷಿಸುವುದು ಅನ್ಯಾಯವಾಗಲಾರದು. ಕಡಲಹದ್ದು ಮಳೆಗಾಲ ಕಳೆದ ಮೇಲೆ, ಸ್ವಿಫ್ಟ್‌ಲೆಟ್ ಬೇಸಗೆಯಲ್ಲಿ ಗೂಡು ಹೂಡುತ್ತದೆ. ಪ್ರವಾಸದ ಕಾಲವೂ ಅದೇ. ಆದಕಾರಣ ಮಳೆಗಾಲವೊಂದೇ ಈ ಹಕ್ಕಿಗಳನ್ನು ಕಾಯುತ್ತದೆಂದು ನಂಬುವಂತಿಲ್ಲ.

ಪ್ರವಾಸೋದ್ಯಮವನ್ನು ನಂಬಿದ ಕುಟುಂಬಗಳನ್ನು ಮರೆಯಲಾಗದು. ಗೂಡಿನ ತಿಂಗಳುಗಳಲ್ಲಿ ದ್ವೀಪದ ಮೇಲೆ ಇಳಿಯುವುದನ್ನೂ ಗವಿಗಳ ಬಳಿ ದೋಣಿ ಸುಳಿಯುವುದನ್ನೂ ನಿಷೇಧಿಸಿ, ದೂರದ ನೀರಿನಲ್ಲಿ ಮುಳುಗುಕ್ರೀಡೆಗೆ ಎಡೆಗೊಡಬಹುದು. ಹರಕೆಗೆ ಹೋಗುವ ಭಕ್ತರೊಡನೆ ಸಮಾಲೋಚಿಸಿ ದಿನಗಳನ್ನು ಗೊತ್ತುಮಾಡಬಹುದು. ದೋಣಿ ನಡೆಸುವವರನ್ನೇ ಕಾವಲಿನ ಹೊಣೆಗಾರರನ್ನಾಗಿಸಬಹುದು.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳ ಶಿಲಾಸ್ತಂಭಗಳಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮನ್ನಣೆ ದೊರೆತಿದೆ. ಕಲ್ಲಿನ ಚರಿತ್ರೆಯನ್ನು ಹೀಗೆ ಗೌರವಿಸಿದ ನಾಡು, ಆ ಕಲ್ಲನ್ನೇ ನೆಚ್ಚಿ ಬದುಕುವ ಜೀವಕ್ಕೆ ವರ್ಷದಲ್ಲಿ ಕೆಲವು ತಿಂಗಳ ಏಕಾಂತವನ್ನಾದರೂ ಬಿಟ್ಟುಕೊಡಬೇಕು.