ಒಂದೇ ದೋಣಿಯ ಇಬ್ಬರು

ಬೀದರ ಜಿಲ್ಲೆಯ ನಿರ್ಣಾ ಗ್ರಾಮಕ್ಕೂ ಸಮುದ್ರಕ್ಕೂ ಯಾವ ನಂಟೂ ಇಲ್ಲ. ಹುಮನಾಬಾದು, ಬಸವಕಲ್ಯಾಣಗಳ ಈ ಸೀಮೆ ದಖ್ಖಣದ ಎತ್ತರದ ನೆಲ. ಜೋಳ, ತೊಗರಿ, ಕಬ್ಬುಗಳ ನಾಡು. ಇಲ್ಲಿಯ ಜನರು ಬಲ್ಲ ನೀರೆಂದರೆ ಊರ ಬಾವಿ, ಕೆರೆ, ಮಳೆಗಾಲದ ಹಳ್ಳ. ಬಹಳವಾದರೆ ಭಾಲ್ಕಿಯ ಕಡೆಯ ಕಾರಂಜಾ ಜಲಾಶಯ. ಹಾಯಿ ಕಟ್ಟಿದ ದೋಣಿಗಳನ್ನು ಪಂದ್ಯಕ್ಕೆ ಬಿಡುವ ಆಟದ ಮಾತನ್ನು ಇಂಥ ಊರಿನಲ್ಲಿ ಎತ್ತಿದರೆ, ಇಲ್ಲದ ಉಸಾಬರಿ ನಮಗೇಕೆಂದು ಹಿರಿಯರು ನಕ್ಕಾರು.

ಆದರೆ ಹುಮನಾಬಾದಿನಲ್ಲಿ ಬಸ್ಸು ಹತ್ತಿದವರು ಹೆದ್ದಾರಿ ಹಿಡಿದು, ಜಹೀರಾಬಾದ, ಸಂಗಾರೆಡ್ಡಿಗಳನ್ನು ದಾಟಿ ಹೈದರಾಬಾದು ಸೇರುವುದಕ್ಕೆ ಅರ್ಧ ದಿನವೂ ಬೇಡ. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯವನ್ನು ಸೇರುವವರೆಗೆ ಆ ನಗರವೇ ಈ ಸೀಮೆಯವರ ರಾಜಧಾನಿಯಾಗಿತ್ತು. ರಾಜ್ಯ ಬದಲಾದ ಮೇಲೂ ಓದು, ನೌಕರಿ, ಆಸ್ಪತ್ರೆ, ಮದುವೆಯ ಜವಳಿ ಎಂದು ಅಲ್ಲಿಗೆ ಹೋಗಿಬರುವುದು ನಿಂತಿಲ್ಲ. ಆ ನಗರದ ನಡುವೆ, 16ನೆಯ ಶತಮಾನದಲ್ಲಿ ಇಬ್ರಾಹಿಂ ಕುಲಿ ಕುತುಬ್ ಷಾಹನ ಆಳ್ವಿಕೆಯಲ್ಲಿ ಕಟ್ಟಿದ ಹುಸೇನ್ ಸಾಗರವಿದೆ. ಕೆರೆಯ ನಡುಬಂಡೆಯ ಮೇಲೆ 1992ರಲ್ಲಿ ನಿಲ್ಲಿಸಿದ ಬುದ್ಧನ ಏಕಶಿಲಾ ವಿಗ್ರಹವನ್ನು ನೋಡಲು ಹೋದ ಕುಟುಂಬಗಳು, ಮಳೆಗಾಲದ ಮಧ್ಯಾಹ್ನಗಳಲ್ಲಿ, ಅದೇ ನೀರಿನ ಮೇಲೆ ಪುಟ್ಟ ಪುಟ್ಟ ಹಾಯಿಗಳ ಸಾಲನ್ನೂ ಕಂಡಿರಬಹುದು. ಸಿಕಂದರಾಬಾದಿನ ಇ.ಎಂ.ಇ. ಸೇಲಿಂಗ್ ಅಸೋಸಿಯೇಷನ್ ಎಂಬ ಸೇನೆಯ ಸಂಸ್ಥೆ ಅನೇಕ ವರ್ಷಗಳಿಂದ ಅಲ್ಲಿ ಪಂದ್ಯಗಳನ್ನು ನಡೆಸಿಕೊಂಡು ಬಂದಿದೆ. 2009ರಲ್ಲಿ ಯಾಟ್ ಕ್ಲಬ್ ಆಫ್ ಹೈದರಾಬಾದ್ ಆರಂಭವಾದಂದಿನಿಂದ ಬಡ ಮನೆಗಳ ಹುಡುಗ ಹುಡುಗಿಯರೂ ಅಲ್ಲಿ ಹಾಯಿ ಹಿಡಿಯುವುದನ್ನು ಕಲಿತಿದ್ದಾರೆ.

ದಡದ ಮೇಲಿನಿಂದ ನೋಡಿದವರಿಗೆ ಆ ದೃಶ್ಯ ಬಹು ಶಾಂತವಾದುದು. ಯಂತ್ರದ ಸದ್ದಿಲ್ಲ, ಹೊಗೆಯಿಲ್ಲ. ಕೊಕ್ಕರೆಗಳ ಹಿಂಡು ಕೆರೆಗಿಳಿದಂತೆ ತೋರುತ್ತದೆ. ಆದರೆ ಅಂಥ ದೋಣಿಯ ಬಳಿ ಹೋಗಿ ಕಿವಿಗೊಟ್ಟರೆ ಬೇರೆಯೇ ಸಂಗತಿ. "ಹಗ್ಗ ಬಿಡು!" "ಈಗಲೇ ಏಕೆ ತಿರುಗಿಸಿದೆ?" "ನೋಡಿಕೊಂಡಿರೆಂದು ಹೇಳಿರಲಿಲ್ಲವೆ?" ಎಂಬ ಮಾತುಗಳು ಗಾಳಿಗಿಂತ ಜೋರಾಗಿ ಬೀಸುತ್ತಿರುತ್ತವೆ. ದಿನವೆಲ್ಲ ಒಬ್ಬರನ್ನೊಬ್ಬರು ನಯವಾಗಿ ಮಾತನಾಡಿಸುವ ಸ್ನೇಹಿತರು, ಅಣ್ಣತಮ್ಮಂದಿರು, ಗಂಡಹೆಂಡಿರು ಕೂಡ ಹತ್ತು ಹನ್ನೆರಡು ಅಡಿಯ ದೋಣಿಯೊಳಗೆ ಕುಳಿತೊಡನೆ ಹೀಗೇಕಾಗುತ್ತಾರೆ?

ಇದಕ್ಕೆ ಕಾರಣ ಅವರ ಸ್ವಭಾವಕ್ಕಿಂತ ಹೆಚ್ಚಾಗಿ ಅವರು ಕುಳಿತ ಜಾಗದಲ್ಲಿದೆ. ಎಂಟರ್‌ಪ್ರೈಸ್ ಎಂಬ ಜಾತಿಯ ದೋಣಿಯನ್ನು ತೆಗೆದುಕೊಳ್ಳಬಹುದು. 1956ರಲ್ಲಿ ಇಂಗ್ಲೆಂಡಿನ ಜಾಕ್ ಹೋಲ್ಟ್ ಎಂಬುವನು ರೂಪಿಸಿದ ಈ ನೀಲಿ ಹಾಯಿಯ ದೋಣಿ ನಾಲ್ಕು ಮೀಟರಿಗೆ ತುಸು ಹೆಚ್ಚು ಉದ್ದ. ಭಾರತದ ಕ್ಲಬ್ಬುಗಳಲ್ಲಿಯೂ ಬಹುಕಾಲ ಬಳಕೆಯಲ್ಲಿದ್ದುದು. ಇದರಲ್ಲಿ ಹಿಂದೆ ಕುಳಿತವನ ಕೈಯಲ್ಲಿ ಚುಕ್ಕಾಣಿಯೂ ದೊಡ್ಡ ಹಾಯಿಯ ಹಗ್ಗವೂ ಇರುತ್ತವೆ. ಮುಂದೆ ಕುಳಿತವನು ಕಿರುಹಾಯಿಯ ಹಗ್ಗವನ್ನು ಹಿಡಿದು, ದೋಣಿಯ ಅಡಿಯಲ್ಲಿ ನೀರಿಗಿಳಿಯುವ ಹಲಗೆಯನ್ನು ಏರಿಸಿ ಇಳಿಸಿ, ದೋಣಿ ವಾಲಿದಾಗ ಮೈಯನ್ನು ಹೊರಕ್ಕೆ ಚಾಚಿ ತೂಕ ಸರಿಮಾಡಬೇಕು. ಹಿಂದಿನವನು ತೀರ್ಮಾನ ಮಾಡುತ್ತಾನೆ; ಆದರೆ ಹಾಯಿಯ ಮರೆಯಿಂದಾಗಿ ಅವನಿಗೆ ಅರ್ಧ ಕೆರೆ ಕಾಣುವುದಿಲ್ಲ. ಮುಂದಿನವನಿಗೆ ಆ ಅರ್ಧವೂ ಕಾಣುತ್ತದೆ. ಆದರೆ ತೀರ್ಮಾನ ಅವನ ಕೈಯಲ್ಲಿಲ್ಲ. ಕಣ್ಣು ಒಬ್ಬನದು, ಕೈ ಇನ್ನೊಬ್ಬನದು ಎಂದಾದಲ್ಲಿ ಜಗಳಕ್ಕೆ ಬೇರೆ ಬೀಜ ಬೇಕಿಲ್ಲ.

ಮುಂಗಾರಿನ ದಿನಗಳಲ್ಲಿ ನಿರ್ಣಾದಂಥ ಊರಿನ ಹೊಲದ ಬದುವಿನ ಮೇಲೆ ನಿಂತು ಕೂರಿಗೆಯ ಬಿತ್ತನೆಯನ್ನು ನೋಡಿದ ಹಿರಿಯರಿಗೆ ಈ ಮಾತು ಹೊಸದಲ್ಲ. ಒಬ್ಬನು ಎತ್ತುಗಳನ್ನು ಹೊಡೆಯುತ್ತಾನೆ. ಹಿಂದೆ ಒಬ್ಬಳು ಉಡಿಯಲ್ಲಿ ಬೀಜ ಕಟ್ಟಿಕೊಂಡು, ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತ ನಡೆಯುತ್ತಾಳೆ. ಎತ್ತು ಬಿರುಸಾಗಿ ನಡೆದರೆ ಬೀಜ ವಿರಳವಾಗುತ್ತದೆ; ಕೈ ಸಡಿಲವಾದರೆ ಒತ್ತಾಗುತ್ತದೆ. ಸಾಲು ಸೊಟ್ಟಗಾದುದು ಅವನ ತಪ್ಪು, ಬೋಳಾದುದು ಇವಳ ತಪ್ಪು ಎಂದು ಊರವರು ಹೇಳುತ್ತಾರೆ. ಆದರೆ ಪೈರು ಕೆಟ್ಟರೆ ಕೆಡುವುದು ಇಬ್ಬರ ಮನೆಯೂ ಹೌದು. ಹಾಯಿದೋಣಿಯ ನ್ಯಾಯವೂ ಇಷ್ಟೆ.

ಅದರಲ್ಲಿಯೂ ಹವ್ಯಾಸಿಗಳ ಪಾಡು ಇನ್ನಷ್ಟು ಸೂಕ್ಷ್ಮವಾದುದು. ಹಡಗಿನ ನೌಕರನಿಗೆ ಸಂಬಳವಿದೆ, ನಾಯಕನಿಗೆ ಅಧಿಕಾರವಿದೆ. ಗದರಿಸಿದರೂ ಮಾರನೆಯ ದಿನ ನೌಕರ ಬರಲೇಬೇಕು. ಹವ್ಯಾಸಿಗೆ ಆ ಕಟ್ಟಿಲ್ಲ. ಅವನು ತನ್ನ ಭಾನುವಾರವನ್ನು ತಾನೇ ಕೊಟ್ಟು, ತನ್ನ ಬಸ್ಸಿನ ಖರ್ಚನ್ನು ತಾನೇ ತೆತ್ತು, ಒದ್ದೆಯಾಗಲೆಂದೇ ಬಂದವನು. ಚುಕ್ಕಾಣಿ ಹಿಡಿದವನಿಗೆ ಅವನ ಮೇಲಿರುವ ಅಧಿಕಾರ, ಅವನಿಂದಲೇ ಕಡ ತಂದದ್ದು. ಆ ಕಡವನ್ನು ಅವಮಾನದಿಂದ ತೀರಿಸಿದರೆ ಮುಂದಿನ ಭಾನುವಾರ ಅವನು ಬರುವುದಿಲ್ಲ. ಇಬ್ಬರ ದೋಣಿ ಒಬ್ಬನಿಂದ ನಡೆಯುವುದಿಲ್ಲ.

ಪಂದ್ಯದಲ್ಲಿ ಮನಸ್ಸುಗಳು ಕೆಡುವ ಘಳಿಗೆಗಳು ಬಹುಮಟ್ಟಿಗೆ ಗೊತ್ತಾದವು. ಮೊದಲನೆಯದು ಆರಂಭದ ಘಳಿಗೆ. ನೆಲದ ಓಟದಂತೆ ಇಲ್ಲಿ ಗೆರೆಯ ಮೇಲೆ ನಿಂತಿರಲಾಗದು. ಐದು ನಿಮಿಷ ಮುಂಚೆ ಬಾವುಟ ಏರಿದೊಡನೆ ದೋಣಿಗಳೆಲ್ಲ ಗೆರೆಯ ಹಿಂದೆ ಸುಳಿದಾಡುತ್ತ, ಗಡಿಯಾರ ಸೊನ್ನೆಗೆ ಬರುವ ಕ್ಷಣಕ್ಕೆ ಸರಿಯಾಗಿ ಗೆರೆ ದಾಟಲು ಹವಣಿಸುತ್ತವೆ. ಒಂದು ಮೊಳ ಮುಂದಾದರೂ ಹಿಂದಿರುಗಿ ಮತ್ತೆ ಹೊರಡಬೇಕು. ಕ್ಷಣ ಎಣಿಸುವವನು ಒಬ್ಬ, ದೋಣಿ ನಡೆಸುವವನು ಇನ್ನೊಬ್ಬ; ತಪ್ಪಿದಾಗ ದೂರು ಹೋಗುವುದು ಎಣಿಸಿದವನ ಮೇಲೆ. ಎರಡನೆಯದು ತಿರುವಿನ ಘಳಿಗೆ. ಗಾಳಿ ಬೀಸುವ ದಿಕ್ಕಿಗೆ ನೇರವಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಎಡಕ್ಕಷ್ಟು ಬಲಕ್ಕಷ್ಟು ಓರೆಯಾಗಿ ಹಾವಿನಂತೆ ಸಾಗಬೇಕು. ಪ್ರತಿ ತಿರುವಿನಲ್ಲಿಯೂ ಹಾಯಿಯ ಅಡಿಯ ಮರ ತಲೆಯ ಮೇಲೆ ಬೀಸಿ ಹೋಗುವಾಗ ಇಬ್ಬರೂ ಒಟ್ಟಿಗೆ ಬಗ್ಗಿ ಆಚೆಯ ಬದಿಗೆ ಸರಿಯಬೇಕು. ಒಬ್ಬನು ಅರೆಕ್ಷಣ ತಡಮಾಡಿದರೆ ದೋಣಿ ಮೂಗು ಎತ್ತಿದ ಎತ್ತಿನಂತೆ ನಿಂತುಬಿಡುತ್ತದೆ.

ಮೂರನೆಯ ಘಳಿಗೆ ಎಲ್ಲಕ್ಕಿಂತ ಕಠಿಣವಾದುದು. ಈ ಆಟದಲ್ಲಿ ಸೀಟಿ ಹಿಡಿದ ತೀರ್ಪುಗಾರನು ಸಾಧಾರಣವಾಗಿ ಜೊತೆಯಲ್ಲಿರುವುದಿಲ್ಲ. ನಿಯಮ ಮುರಿದವರು ತಾವೇ ಅದನ್ನು ಒಪ್ಪಿ, ತಾವೇ ಶಿಕ್ಷೆ ತೆರಬೇಕು. ನೀರಿನಲ್ಲಿ ತೇಲಬಿಟ್ಟ ಗುರುತನ್ನು ದೋಣಿ ಮುಟ್ಟಿದರೆ ಅಲ್ಲಿಯೇ ಒಂದು ಪೂರ್ತಿ ಸುತ್ತು. ಹಕ್ಕುಳ್ಳ ಇನ್ನೊಂದು ದೋಣಿಯ ದಾರಿಗೆ ಅಡ್ಡ ಬಂದರೆ ಎರಡು ಸುತ್ತು. ಹೀಗೊಂದು ಜೋಡಿಯನ್ನು ಊಹಿಸಿಕೊಳ್ಳಬಹುದು: ದೋಣಿ ಮೂರನೆಯ ಸ್ಥಾನದಲ್ಲಿದೆ, ಗುರಿ ಹತ್ತಿರವಿದೆ. ಕೊನೆಯ ಗುರುತನ್ನು ಸುತ್ತುವಾಗ ಮುಂದೆ ಕುಳಿತವನಿಗೆ ಒಂದು ಸಣ್ಣ ಸದ್ದು ಕೇಳಿತು. ಹಿಂದಿನವನಿಗೆ ಕೇಳಲಿಲ್ಲ, ಅಥವಾ ಕೇಳಬೇಕೆಂಬ ಮನಸ್ಸಿರಲಿಲ್ಲ. ನೋಡಿದವರು ಬೇರೆ ಯಾರೂ ಇಲ್ಲ. ಮುಂದಿನವನು ಬಾಯಿ ಬಿಟ್ಟರೆ ಸ್ಥಾನ ಹೋಗುತ್ತದೆ, ಸ್ನೇಹಿತನ ಮುಖ ಕಪ್ಪಿಡುತ್ತದೆ. ಸುಮ್ಮನಿದ್ದರೆ ಬಹುಮಾನದ ಬಟ್ಟಲು ಮನೆಯ ಕಪಾಟಿನಲ್ಲಿ ಕುಳಿತು ದಿನವೂ ಆ ಸದ್ದನ್ನು ನೆನಪಿಸುತ್ತದೆ.

ಇಲ್ಲಿ ನಿಯಮದ ಒಂದು ಸೊಬಗು ಗಮನಿಸತಕ್ಕದ್ದು. ತಪ್ಪು ಚುಕ್ಕಾಣಿಯವನದೋ ಹಗ್ಗದವನದೋ ಎಂದು ನಿಯಮ ಕೇಳುವುದಿಲ್ಲ. ಸುತ್ತಬೇಕಾದುದು ದೋಣಿ. ಆ ಸುತ್ತಾದರೂ ಸುಲಭದ್ದಲ್ಲ. ಒಮ್ಮೆ ಗಾಳಿಗೆ ಮುಖವಾಗಿ, ಒಮ್ಮೆ ಬೆನ್ನಾಗಿ ಹಾಯಿಯನ್ನು ಎರಡು ಬದಿಗೂ ಹೊರಳಿಸಬೇಕು. ಇಬ್ಬರೂ ಮುನಿಸಿಕೊಂಡು ಮಾಡಿದರೆ ಹತ್ತು ದೋಣಿಗಳು ದಾಟಿಹೋಗುತ್ತವೆ. ಒಂದೇ ಮನಸ್ಸಿನಿಂದ ಮಾಡಿದರೆ ಎರಡೋ ಮೂರೋ. ಅಂದಮೇಲೆ ಪಂದ್ಯದಲ್ಲಿ ಅತ್ಯಂತ ಒಳ್ಳೆಯ ಹೊಂದಾಣಿಕೆ ಬೇಕಾಗುವುದು ತಪ್ಪೊಪ್ಪಿಕೊಂಡ ಆ ಅರ್ಧ ನಿಮಿಷದಲ್ಲಿಯೇ. ಎಷ್ಟೋ ಸಂಸಾರಗಳಿಗೂ ಈ ಮಾತು ಸಲ್ಲುತ್ತದೆಂದು ವಾಚಕರಿಗೆ ತೋರಿದರೆ ಆಶ್ಚರ್ಯವಿಲ್ಲ.

ಹೆಸರು ಮಾಡಿದ ಜೋಡಿಗಳೂ ಈ ಹಾದಿಯಲ್ಲಿಯೇ ನಡೆದು ಬಂದವರು. 1982ರ ಏಷ್ಯನ್ ಕ್ರೀಡಾಕೂಟದಲ್ಲಿ ಫಾರೂಕ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಎಂಬ ಇಬ್ಬರು ಫೈರ್‌ಬಾಲ್ ದೋಣಿಯಲ್ಲಿ ಭಾರತಕ್ಕೆ ಚಿನ್ನ ತಂದರು. 2018ರಲ್ಲಿ ಇಂಡೋನೇಷ್ಯದಲ್ಲಿ ನಡೆದ ಕೂಟದಲ್ಲಿ ವರ್ಷಾ ಗೌತಮ್ ಮತ್ತು ಶ್ವೇತಾ ಶೇರ್ವೆಗಾರ್ ಬೆಳ್ಳಿ ಗೆದ್ದರು. ಶೇರ್ವೆಗಾರ್ ಎಂಬ ಹೆಸರು ಕರಾವಳಿಯ ಕನ್ನಡಿಗರ ಕಿವಿಗೆ ಅಪರಿಚಿತವಲ್ಲ. ಅದೇ ಕೂಟದಲ್ಲಿ ಕಂಚು ಪಡೆದ ವರುಣ್ ಠಕ್ಕರ್ ಅವರ ಜೊತೆಗಾರ ಕೇಳಪಂಡ ಚೆಂಗಪ್ಪ ಗಣಪತಿ. ಇವರ ಮನೆತನದ ಹೆಸರು ಕೊಡಗಿನದು. ಈ ಇಬ್ಬರೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದರು. ಪದಕದ ಸಾಲಿಗೆ ಬರಲಿಲ್ಲ. ಇವರು ನಡೆಸಿದುದು 49ಅರ್ ಎಂಬ, ಸುಮಾರು ಐದು ಮೀಟರ್ ಉದ್ದದ ದೋಣಿ. ಅದರಲ್ಲಿ ಇಬ್ಬರೂ ನಡುವಿಗೆ ತಂತಿ ಸಿಕ್ಕಿಸಿಕೊಂಡು ದೋಣಿಯ ಅಂಚಿನಲ್ಲಿ ನಿಂತು, ನೀರಿನ ಮೇಲೆ ಮೈಯನ್ನು ಹೊರಕ್ಕೆ ಚೆಲ್ಲಬೇಕು. ಒಬ್ಬನು ತಪ್ಪು ಹೆಜ್ಜೆಯಿಟ್ಟರೆ ಇಬ್ಬರೂ ನೀರಿಗೆ. ಅಲ್ಲಿ ಒಬ್ಬರ ಮೇಲೊಬ್ಬರಿಗಿರುವ ನಂಬಿಕೆಯೂ ಆ ತಂತಿಯಷ್ಟೇ ಗಟ್ಟಿಯಿರಬೇಕು.

ಪಂದ್ಯವಲ್ಲದಿದ್ದರೂ ಇನ್ನೊಂದು ಯಾನವನ್ನು ಇಲ್ಲಿ ನೆನೆಯಬೇಕು. 2017ರ ಸೆಪ್ಟೆಂಬರ್ 10ರಂದು ಗೋವೆಯಿಂದ ಹೊರಟ 'ತಾರಿಣಿ' ಎಂಬ ಹಾಯಿಹಡಗಿನಲ್ಲಿ ನೌಕಾಪಡೆಯ ಆರು ಮಂದಿ ಮಹಿಳೆಯರಿದ್ದರು. ವರ್ತಿಕಾ ಜೋಶಿ ಅವರ ನಾಯಕಿ. ಹೈದರಾಬಾದಿನ ಬಿ. ಐಶ್ವರ್ಯಾ ಅವರಲ್ಲೊಬ್ಬರು. ಸುಮಾರು 55 ಅಡಿಯ ಆ ನೌಕೆಯಲ್ಲಿ ಅವರು ಭೂಮಿಯನ್ನು ಸುತ್ತಿ 2018ರ ಮೇ 21ರಂದು ಗೋವೆಗೆ ಮರಳಿದಾಗ 254 ದಿನಗಳು ಕಳೆದಿದ್ದವು. ದಾರಿಯಲ್ಲಿ ನಿಂತದ್ದು ಕೆಲವೇ ಬಂದರುಗಳಲ್ಲಿ. ಉಳಿದ ದಿನಗಳಲ್ಲಿ ಕೋಪ ಬಂದರೆ ಎದ್ದು ಹೋಗಲು ಬೇರೆ ಕೋಣೆಯಿಲ್ಲ, ಬೇರೆ ಬೀದಿಯಿಲ್ಲ. ಸರದಿಯ ಮೇಲೆ ಎಚ್ಚರವಿದ್ದು, ಮಲಗಿದವರ ಪ್ರಾಣವನ್ನು ಎಚ್ಚರವಿದ್ದವರು ಕಾಯಬೇಕು.

ಹಾಗಾದರೆ ಒಬ್ಬಂಟಿಯಾಗಿ ನಡೆಸುವ ದೋಣಿಯೇ ಮೇಲಲ್ಲವೆ? ಅಲ್ಲಿ ವಾದವಿಲ್ಲ, ವಿವಾದವಿಲ್ಲ. ಹುಸೇನ್ ಸಾಗರದಲ್ಲಿ ಹೆಸರಾದ ಲೇಸರ್ ದೋಣಿ ಅಂಥದೇ. ಆದರೆ ಒಂಟಿ ದೋಣಿಯವನೂ ಇತರರಿಂದ ಬಿಡುಗಡೆ ಪಡೆದವನಲ್ಲ ಎಂಬುದಕ್ಕೆ 1988ರ ಸೋಲ್ ಒಲಿಂಪಿಕ್ಸಿನ ನಿದರ್ಶನವುಂಟು. ಪೂಸಾನಿನ ಕಡಲಿನಲ್ಲಿ ಕೆನಡಾದ ಲಾರೆನ್ಸ್ ಲೆಮ್ಯೂ ಎಂಬುವನು ಒಂಟಿ ದೋಣಿಯ ಪಂದ್ಯದಲ್ಲಿ ಎರಡನೆಯವನಾಗಿ ಸಾಗುತ್ತಿದ್ದ. ಹತ್ತಿರದಲ್ಲಿ ಬೇರೊಂದು ಪಂದ್ಯದ, ಸಿಂಗಪುರದ ಇಬ್ಬರ ದೋಣಿ ಮಗುಚಿ, ಅವರು ಅಲೆಗಳಿಗೆ ಸಿಕ್ಕಿದ್ದುದನ್ನು ಕಂಡ. ತನ್ನ ದಾರಿ ಬಿಟ್ಟು ಹೋಗಿ, ಅವರನ್ನು ಕಾಪಾಡಿ, ರಕ್ಷಣೆಯ ದೋಣಿ ಬರುವವರೆಗೆ ಕಾದು, ಆಮೇಲೆ ಪಂದ್ಯ ಮುಗಿಸಿದ. ತೀರ್ಪುಗಾರರು ಆ ದಿನದ ಎರಡನೆಯ ಸ್ಥಾನವನ್ನು ಅವನಿಗೇ ಕೊಟ್ಟರೂ ಒಟ್ಟು ಲೆಕ್ಕದಲ್ಲಿ ಪದಕ ಬರಲಿಲ್ಲ. ಒಲಿಂಪಿಕ್ ಸಮಿತಿ ಪಿಯರ್ ದ ಕೂಬರ್ತೆನ್ ಪದಕವನ್ನಿತ್ತು ಅವನನ್ನು ಗೌರವಿಸಿತು. ಅಂದು ಗೆದ್ದವರ ಹೆಸರು ಮರೆತವರಿಗೂ ಅವನ ಹೆಸರು ನೆನಪಿದೆ.

ಹವ್ಯಾಸಿಗೆ ದೊರೆಯುವ ತೃಪ್ತಿಯೂ ಇದೇ ಜಾತಿಯದು. ಇಪ್ಪತ್ತು ದೋಣಿಗಳಲ್ಲಿ ಹತ್ತೊಂಬತ್ತಕ್ಕೆ ಮೊದಲ ಸ್ಥಾನ ಸಿಕ್ಕುವುದೇ ಇಲ್ಲ. ಆದರೂ ಆ ಹತ್ತೊಂಬತ್ತು ದೋಣಿಗಳವರು ಮುಂದಿನ ವಾರ ಮತ್ತೆ ಬರುತ್ತಾರೆ. ಕಳೆದ ವಾರ ಹೇಳಿ ಮಾಡಿಸಬೇಕಾಗಿದ್ದ ತಿರುವು ಈ ವಾರ ಒಂದು ಕಣ್ಸನ್ನೆಯಿಂದ ಆಯಿತು. ಹಗ್ಗ ಬಿಡೆಂದು ಹೇಳುವ ಮೊದಲೇ ಹಗ್ಗ ಸಡಿಲಿತು. ಗಾಳಿ, ಹಾಯಿ, ಎರಡು ಮೈಗಳು ಕೂಡಿ ಒಂದೇ ಜೀವದಂತೆ ದೋಣಿ ಹಗುರಾಗಿ ಓಡಿತು. ಆ ಹತ್ತು ಕ್ಷಣಗಳಿಗೆ ಬಟ್ಟಲಿಲ್ಲ, ಚಪ್ಪಾಳೆಯಿಲ್ಲ, ಬಲ್ಲವರು ಇಬ್ಬರೇ. ಅದಕ್ಕಾಗಿಯೇ ಅವರು ಬರುವುದು.

ಇದನ್ನು ಉಳಿಸಿಕೊಳ್ಳುವ ಉಪಾಯವೂ ಬಹಳ ದೊಡ್ಡದಲ್ಲ. ಯಾರ ಕೆಲಸ ಯಾವುದೆಂಬುದನ್ನು ದಡದಲ್ಲಿಯೇ ಗೊತ್ತುಮಾಡಿಕೊಳ್ಳುವುದು. ನೀರಿನ ಮೇಲೆ ಮುಂದಿನವನು ಕಂಡದ್ದನ್ನು ಹೇಳುವುದು, ಹಿಂದಿನವನು ಕೇಳಿ ತೀರ್ಮಾನಿಸುವುದು. ತೀರ್ಮಾನ ತಪ್ಪಾದರೂ ಅದು ಮುಗಿಯುವವರೆಗೆ ಇಬ್ಬರದೂ ಎಂದು ನಡೆಯುವುದು. ಉಳಿದ ಮಾತನ್ನೆಲ್ಲ ದಡಕ್ಕೆ ಬಂದು, ಒದ್ದೆ ಬಟ್ಟೆ ಬದಲಿಸಿ, ಕೈಯಲ್ಲಿ ಬಿಸಿ ಚಹಾ ಹಿಡಿದ ಮೇಲೆ ಆಡುವುದು. ಅಷ್ಟು ಹೊತ್ತಿಗೆ ಆಡಬೇಕಾದ ಮಾತಿನಲ್ಲಿ ಅರ್ಧ ಉಳಿದಿರುವುದಿಲ್ಲ.

ಪಂದ್ಯ ಮುಗಿದ ಮೇಲೆ ಹಾಯಿಯನ್ನು ಬಿಚ್ಚಿ, ಒಣಗಿಸಿ, ಮಡಿಸಿಡಬೇಕು. ಮನೆಯಲ್ಲಿ ಜಮಖಾನೆಯನ್ನು ಮಡಿಸುವಂತೆ, ಒಬ್ಬನು ಈ ತುದಿ, ಇನ್ನೊಬ್ಬನು ಆ ತುದಿ ಹಿಡಿದು, ಅಳತೆ ನೋಡಿ ಒಟ್ಟಿಗೆ ಹೆಜ್ಜೆಯಿಡಬೇಕು. ಸೋತು ಬಂದವರೂ ಗೆದ್ದು ಬಂದವರೂ ಅಲ್ಲಿ ಹಾಗೆಯೇ ಎದುರುಬದುರಾಗಿ ನಿಲ್ಲುತ್ತಾರೆ. ಮುಂದಿನ ಭಾನುವಾರ ಆ ದೋಣಿ ನೀರಿಗಿಳಿಯುವುದೋ ಇಲ್ಲವೋ ಎಂಬುದನ್ನು, ಫಲಿತಾಂಶದ ಹಲಗೆಗಿಂತ ಮೊದಲು, ಆ ಇಬ್ಬರ ಮುಖಗಳೇ ಹೇಳಿಬಿಡುತ್ತವೆ.